ಸುಳ್ಳು ಬಿಲ್ಲಿಗೆ ಸಹಿ ಹಾಕಿದವನು: ಜಸ್ಪಾಲ್ ಭಟ್ಟಿಯವರ ಹಾಸ್ಯ



ಹಾಸ್ಯಕ್ಕೆ ಮೀಸಲಾದ ಈ ದತ್ತಿ ಉಪನ್ಯಾಸದಲ್ಲಿ ಕನ್ನಡದ ಹಾಸ್ಯಗಾರರೊಬ್ಬರನ್ನು ನೆನೆಯುವುದು ವಾಡಿಕೆ. ಇವತ್ತು ನಾನು ಚಂಡೀಗಢದ ಒಬ್ಬರನ್ನು ಆರಿಸಿಕೊಂಡಿದ್ದೇನೆ: ಜಸ್ಪಾಲ್ ಭಟ್ಟಿ. ಸಭೆಯಲ್ಲಿರುವ ಹಿರಿಯರಿಗೆ ಹೆಸರು ಕೇಳಿದ ಕೂಡಲೇ ಒಂದು ಪೇಟ, ಗಡ್ಡ, ಅವಸರವೇ ಇಲ್ಲದ ಒಂದು ದನಿ ನೆನಪಾಗಿರಬೇಕು. ಕಿರಿಯರಿಗೆ ಈ ಹೆಸರು ಹೊಸದಿರಬಹುದು. ಅವರು ಟೀವಿಗಾಗಿ ಮಾಡಿದ ಅತಿ ಪ್ರಸಿದ್ಧ ಕೆಲಸ ಒಟ್ಟು 10 ಕಂತುಗಳಷ್ಟೇ. ಇಷ್ಟು ಸಣ್ಣ ಗಂಟಿನ ಮೇಲೆ ಒಂದು ಗಂಟೆ ಮಾತಾಡುವಷ್ಟು ವಿಷಯವಿದೆಯೇ ಎಂದು ಕೇಳಿದರೆ, ಇದೆ ಎನ್ನುತ್ತೇನೆ. ನಮ್ಮ ದೇಶದಲ್ಲಿ ಲಂಚಕೋರರನ್ನು ತೋರಿಸಿ ನಗಿಸಿದವರು ಬೇಕಾದಷ್ಟು ಜನ. ಆ ಲಂಚದಿಂದ ಸಣ್ಣದೊಂದು ಲಾಭ ಮಾಡಿಕೊಂಡು, ಅದಕ್ಕೊಂದು ಸಮಜಾಯಿಷಿಯನ್ನೂ ಹುಡುಕಿಕೊಂಡು, ರಾತ್ರಿ ನೆಮ್ಮದಿಯಾಗಿ ಮಲಗುವ ಮಧ್ಯಮ ವರ್ಗದ ಮನುಷ್ಯನ ಅಂಗಿಯನ್ನು ತಾವೇ ತೊಟ್ಟು ನಿಂತವರು ತೀರ ಕಡಿಮೆ. ಭಟ್ಟಿಯವರು ಹಾಗೆ ನಿಂತರು.

1955ರ ಮಾರ್ಚ್ 3ರಂದು ಅಮೃತಸರದಲ್ಲಿ ಹುಟ್ಟಿದರು. ಚಂಡೀಗಢದ ಪಂಜಾಬ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು. ಓದಿನ ದಿನಗಳಲ್ಲೇ ಗೆಳೆಯರ ಜೊತೆ ‘ನಾನ್‌ಸೆನ್ಸ್ ಕ್ಲಬ್’ ಕಟ್ಟಿಕೊಂಡು ಬೀದಿಯಲ್ಲಿ ಅಣಕು ಪ್ರಹಸನಗಳನ್ನು ಆಡುತ್ತಿದ್ದರು. ಆಮೇಲೆ ಚಂಡೀಗಢದ ಟ್ರಿಬ್ಯೂನ್ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆದರು. ಟೀವಿಗೆ ಬರುವ ಮೊದಲಿನ ಈ ಎರಡು ಶಾಲೆಗಳನ್ನು ಗಮನಿಸಬೇಕು. ಬೀದಿಯಲ್ಲಿ ಆಡುವವನಿಗೆ ಪರದೆಯಿಲ್ಲ, ಪೀಠಿಕೆಯಿಲ್ಲ. ಸಂತೆಗೆ ಹೊರಟವನು ನಿಂತು ನೋಡಬೇಕಾದರೆ ಮೊದಲ ಮಾತಿನಲ್ಲೇ ವಿಷಯ ಇರಬೇಕು. ವ್ಯಂಗ್ಯಚಿತ್ರಕಾರನಿಗಂತೂ ಇರುವುದು ಒಂದೇ ಚೌಕ, ಅದರ ಕೆಳಗೆ ಒಂದು ಸಾಲು. ಇವೆರಡನ್ನೂ ಅರಗಿಸಿಕೊಂಡವರು ದೂರದರ್ಶನಕ್ಕೆ ಬಂದಾಗ, ಅಲ್ಲಿನ ಉಳಿದ ಹಾಸ್ಯ ಧಾರಾವಾಹಿಗಳ ನಿಧಾನಗತಿಗೂ ಇವರ ಬಿಗಿಗೂ ಇದ್ದ ಅಂತರ ನೋಡಿದವರಿಗೆಲ್ಲ ತಿಳಿಯಿತು.

ವ್ಯಂಗ್ಯಚಿತ್ರದ ಮಾತು ಬಂದಾಗ ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ನೆನಪಾಗದೆ ಇರುವುದಿಲ್ಲ. ಡಾ. ಎಂ. ಶಿವರಾಂ, ಅಂದರೆ ರಾಶಿಯವರು, 1942ರಲ್ಲಿ ಆರಂಭಿಸಿದ ‘ಕೊರವಂಜಿ’ಯಲ್ಲಿ ಚಿತ್ರ ಬರೆದ ಲಕ್ಷ್ಮಣ್ ಮುಂದೆ ಮುಂಬಯಿಗೆ ಹೋಗಿ ದೇಶಕ್ಕೆ ಒಬ್ಬ ಶ್ರೀಸಾಮಾನ್ಯನನ್ನು ಕೊಟ್ಟರು. ಚೌಕಳಿ ಕೋಟು, ಧೋತ್ರ, ಬೋಳುತಲೆ. ಆತ ಬಾಯಿ ಬಿಡುವುದಿಲ್ಲ. ಮಂತ್ರಿ ಸುಳ್ಳು ಹೇಳುತ್ತಾನೆ, ಅಧಿಕಾರಿ ಕಡತ ಬಚ್ಚಿಡುತ್ತಾನೆ, ಆತ ಮೂಲೆಯಲ್ಲಿ ನಿಂತು ನೋಡುತ್ತಾನೆ. 1988ರಲ್ಲಿ ಕುಂದನ್ ಶಾ ನಿರ್ದೇಶನದ ‘ವಾಗ್ಲೆ ಕಿ ದುನಿಯಾ’ ಬಂದಾಗ ಲಕ್ಷ್ಮಣರ ಆ ಲೋಕ ಟೀವಿಗೂ ಇಳಿಯಿತು. ವಾಗ್ಲೆ ಒಳ್ಳೆಯ ಗುಮಾಸ್ತ, ಪೆಟ್ಟು ತಿನ್ನುವವನು. ನೋಡುತ್ತಿದ್ದ ನಾವು ನಮ್ಮನ್ನು ಅವನಲ್ಲಿ ಕಂಡು ಸಮಾಧಾನಪಟ್ಟೆವು. ಮರುವರ್ಷ, 1989ರಲ್ಲಿ, ಅದೇ ಟೀವಿಯಲ್ಲಿ ‘ಫ್ಲಾಪ್ ಶೋ’ ಬಂತು. ಅಲ್ಲಿದ್ದ ಶ್ರೀಸಾಮಾನ್ಯ ಮೂಲೆಯಲ್ಲಿ ನಿಲ್ಲದೆ ನೇರವಾಗಿ ಬಂದು ಕುರ್ಚಿಯಲ್ಲಿ ಕೂತು, ಸುಳ್ಳು ಬಿಲ್ಲಿಗೆ ಸಹಿ ಹಾಕಿದ.

ಅದಕ್ಕೂ ಮೊದಲು ‘ಉಲ್ಟಾ ಪುಲ್ಟಾ’ದ ಬಗ್ಗೆ ಎರಡು ಮಾತು. ಆ ಕಾಲದಲ್ಲಿ ದೂರದರ್ಶನ ಬೆಳಗಿನ ಪ್ರಸಾರವನ್ನು ಹೊಸದಾಗಿ ಆರಂಭಿಸಿತ್ತು. ಆ ಬೆಳಗಿನ ಹೊತ್ತಿನಲ್ಲಿ ಕೆಲವೇ ನಿಮಿಷಗಳ ಒಂದು ತುಣುಕಾಗಿ ‘ಉಲ್ಟಾ ಪುಲ್ಟಾ’ ಬರುತ್ತಿತ್ತು. ಮಕ್ಕಳು ಶಾಲೆಗೆ ಹೊರಡುವ, ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ, ದಾಡಿ ಮಾಡಿಕೊಳ್ಳುತ್ತಿರುವವರು ಕಿವಿ ಮಾತ್ರ ಟೀವಿಗೆ ಕೊಟ್ಟಿರುವ ಹೊತ್ತು. ಇಂದು ನಮ್ಮ ವಾಹಿನಿಗಳಲ್ಲಿ ‘ಸ್ಕಿಟ್’ ಎಂದು ಕರೆಯುವ ಪ್ರಕಾರದ ಕಷ್ಟ ಏನೆಂದು ಮಾಡಿದವರಿಗೆ ಗೊತ್ತು. ಕತೆ ಕಟ್ಟಲು ಸಮಯವಿಲ್ಲ. ಪಾತ್ರದ ಹಿನ್ನೆಲೆ ಹೇಳಲಾಗದು. ನೋಡುಗನಿಗೆ ಮೊದಲೇ ಗೊತ್ತಿರುವ ಒಂದು ಸಂದರ್ಭವನ್ನು, ಸರದಿ ಸಾಲನ್ನೋ ಕಚೇರಿಯ ಕಿಟಕಿಯನ್ನೋ, ಅದರೊಳಗಿನ ತರ್ಕವನ್ನು ಒಂದಿಷ್ಟೂ ಬಿಡದೆ, ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕು. ಆ ಒಂದು ಹೆಜ್ಜೆಯಲ್ಲೇ ಎಲ್ಲ ಇದೆ. ಎರಡು ಹೆಜ್ಜೆ ಇಟ್ಟರೆ ಅದು ಕೋಡಂಗಿಯಾಟವಾಗುತ್ತದೆ, ಹೆಜ್ಜೆಯನ್ನೇ ಇಡದಿದ್ದರೆ ವರದಿಯಾಗುತ್ತದೆ. ಭಟ್ಟಿಯವರು ಈ ಅಳತೆಯನ್ನು ಬಲ್ಲವರು. ಎಂಜಿನಿಯರ್ ಆಗಿದ್ದದ್ದು ಇದಕ್ಕೆ ನೆರವಾಯಿತು ಎಂದು ನನ್ನ ನಂಬಿಕೆ. ಒಂದು ವ್ಯವಸ್ಥೆ ಹೇಗೆ ನಡೆಯುತ್ತದೆ, ಎಲ್ಲಿ ಸೋರುತ್ತದೆ, ಸೋರಿಕೆಯಿಂದ ಯಾರಿಗೆ ಲಾಭ ಎಂದು ಬಿಡಿಸಿ ನೋಡುವ ಬುದ್ಧಿ ಅವರ ಪ್ರತಿ ತುಣುಕಿನಲ್ಲೂ ಕಾಣುತ್ತದೆ.

ಇನ್ನು ‘ಫ್ಲಾಪ್ ಶೋ’. ಬರವಣಿಗೆ, ನಿರ್ದೇಶನ, ಮುಖ್ಯ ಪಾತ್ರ ಎಲ್ಲ ಭಟ್ಟಿಯವರದೇ. ಹೆಂಡತಿ ಸವಿತಾ ಭಟ್ಟಿಯವರು ನಿರ್ಮಾಣದಲ್ಲೂ ನಟನೆಯಲ್ಲೂ ಜೊತೆಗಿದ್ದರು. ಖರ್ಚು ಕಡಿಮೆ ಎಂಬುದು ತೆರೆಯ ಮೇಲೇ ತಿಳಿಯುತ್ತದೆ: ಸಾಧಾರಣ ಮನೆಗಳು, ಸಾಧಾರಣ ಮೇಜು ಕುರ್ಚಿ, ಸಾಧಾರಣ ಬೆಳಕು. ಪ್ರತಿ ಕಂತಿನ ಕೊನೆಯಲ್ಲಿ ಹಿಂದಿ ಸಿನಿಮಾ ಹಾಡಿನ ಧಾಟಿಗೆ ಕಟ್ಟಿದ ಅಣಕು ಹಾಡು. ಪ್ರತಿ ಕಂತಿಗೂ ಒಂದೊಂದು ವರ್ಗದ ಜನರ ಮೇಲೆ ಕಣ್ಣು: ಗುತ್ತಿಗೆದಾರರು, ವೈದ್ಯರು, ಟೆಲಿಫೋನ್ ಇಲಾಖೆಯವರು, ಸಭೆಗಳಲ್ಲೇ ದಿನ ಕಳೆಯುವ ಅಧಿಕಾರಿಗಳು, ಮುಖ್ಯ ಅತಿಥಿಯಾಗಲು ಹಂಬಲಿಸುವವರು. ಟೀವಿ ಧಾರಾವಾಹಿ ಮಾಡುವವರನ್ನೂ ಬಿಡಲಿಲ್ಲ.

ಮೊದಲ ಕಂತೇ ಸರ್ಕಾರಿ ನೌಕರರ ವೈದ್ಯಕೀಯ ವೆಚ್ಚದ ಮರುಪಾವತಿಯ ಬಗ್ಗೆ. ಈ ಮರುಪಾವತಿ ನಡೆಯುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಾಸ್ಯ ಇರುವುದು ಅದರೊಳಗೇ. ನೌಕರ ಕಾಯಿಲೆ ಬಿದ್ದರೆ ಮೊದಲು ತನ್ನ ಕೈಯಿಂದ ಖರ್ಚು ಮಾಡುತ್ತಾನೆ. ಆಮೇಲೆ ವೈದ್ಯರ ಚೀಟಿ, ಔಷಧಿ ಅಂಗಡಿಯ ಬಿಲ್ಲು, ಈ ಔಷಧಿ ಅವಶ್ಯವಾಗಿತ್ತು ಎಂಬ ವೈದ್ಯರ ಪ್ರಮಾಣಪತ್ರ ಎಲ್ಲವನ್ನೂ ಲಗತ್ತಿಸಿ ಕಚೇರಿಗೆ ಕೊಡುತ್ತಾನೆ. ಮೇಲಧಿಕಾರಿ ಸಹಿ ಮಾಡಿದರೆ ಹಣ ವಾಪಸು ಬರುತ್ತದೆ. ರೋಗಿ, ವೈದ್ಯ, ಅಂಗಡಿಯವನು, ಅಧಿಕಾರಿ. ಇದನ್ನು ರೂಪಿಸಿದವರು, ನಾಲ್ಕು ಜನ ಒಂದೇ ಸುಳ್ಳಿಗೆ ಸೇರುವುದಿಲ್ಲ ಎಂದು ನಂಬಿದ್ದರು. ನಾಲ್ವರೂ ಸೇರಿದರೆ ಕಾಯಿಲೆಯೇ ಬೇಕಾಗಿಲ್ಲ. ಇಲ್ಲಿ ಖಳನಾಯಕ ಯಾರು? ಕೋಟಿ ನುಂಗಿದ ಮಂತ್ರಿ ಇಲ್ಲ, ದಲ್ಲಾಳಿ ಇಲ್ಲ. ಇರುವವರು ನಮ್ಮ ಮಾವ, ನಮ್ಮ ಪಕ್ಕದ ಮನೆಯವರು, ನಾವು. ಆ ವರ್ಷಗಳಲ್ಲಿ ದೇಶದ ತುಂಬ ಬೊಫೋರ್ಸ್ ಹಗರಣದ ಮಾತು. ಎಲ್ಲರ ಬೆರಳೂ ದಿಲ್ಲಿಯ ಕಡೆಗೆ ತೋರುತ್ತಿದ್ದಾಗ, ಈ ಮನುಷ್ಯ ನಮ್ಮ ಜೇಬಿನಲ್ಲಿದ್ದ ಔಷಧಿ ಅಂಗಡಿಯ ರಸೀದಿಯನ್ನು ಹೊರಗೆ ತೆಗೆದು ತೋರಿಸಿದರು. ಹಿಂದಿ ಅರ್ಧಂಬರ್ಧ ಬರುತ್ತಿದ್ದ ನಮ್ಮ ಮನೆಗಳಲ್ಲೂ ಇದಕ್ಕೆ ಅರ್ಥ ಹೇಳುವವರು ಬೇಕಾಗಲಿಲ್ಲ. ನಕ್ಕವರಲ್ಲಿ ಕೆಲವರು ನಕ್ಕ ಮೇಲೆ ಸುಮ್ಮನಾದದ್ದನ್ನೂ ನಾನು ನೋಡಿದ್ದೇನೆ.

ವಿಶ್ವವಿದ್ಯಾಲಯದವರಾದ ನಿಮಗೆ ಪಿಎಚ್.ಡಿ. ಕಂತು ಹೆಚ್ಚು ಹತ್ತಿರ. ಸಂಶೋಧನ ವಿದ್ಯಾರ್ಥಿ ಮಾರ್ಗದರ್ಶಕರ ಮನೆಗೆಲಸಕ್ಕೆ ನಿಲ್ಲುವ ಕತೆ. ಮಾರ್ಗದರ್ಶಕ ಭಟ್ಟಿಯವರೇ. ವಿದ್ಯಾರ್ಥಿ ವಿವೇಕ್ ಶೌಕ್. ಈ ನಟನ ಹೆಸರನ್ನು ಗೌರವದಿಂದ ಹೇಳಬೇಕು. ‘ಫ್ಲಾಪ್ ಶೋ’ದ ಬಲಗೈ ಅವರು, ಭಟ್ಟಿಯವರ ತಣ್ಣನೆಯ ಮಾತಿಗೆ ಬೇಕಾದ ಚುರುಕು ಅವರಿಂದ ಬರುತ್ತಿತ್ತು. 2011ರಲ್ಲಿ ತೀರಿಕೊಂಡರು. ಈ ಕಂತಿನಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಗುರುವಿನ ದನಿ. ಆತ ಗದರುವುದಿಲ್ಲ, ಹಲ್ಲು ಕಡಿಯುವುದಿಲ್ಲ. ಶಿಷ್ಯನ ಮೇಲೆ ಪ್ರೀತಿಯೇ ಇದೆ ಎಂಬಂತೆ, ಮನೆಯ ಹುಡುಗನಿಗೆ ಹೇಳುವಂತೆ ಹೇಳುತ್ತಾನೆ. ಶೋಷಣೆ ಹೀಗೇ ನಡೆಯುತ್ತದೆ. ನಡೆಸುವವನಿಗೆ ತಾನು ಕೆಟ್ಟವನೆಂದು ಒಂದು ಕ್ಷಣವೂ ಅನ್ನಿಸುವುದಿಲ್ಲ. ಭಟ್ಟಿಯವರ ನಟನೆಯ ಗುಟ್ಟೂ ಇದೇ. ಅವರ ಪಾತ್ರಗಳಿಗೆ ತಾವು ತಮಾಷೆಯವರೆಂಬುದು ಗೊತ್ತಿಲ್ಲ. ಪಂಜಾಬಿ ಎಳೆತವಿರುವ ಹಿಂದಿ, ತಗ್ಗಿದ ದನಿ, ಎದುರಿಗಿದ್ದವನಿಗೆ ಬುದ್ಧಿ ಹೇಳುವಂಥ ಗಾಂಭೀರ್ಯ. ಹುಬ್ಬು ಹಾರಿಸಿ, ಕಣ್ಣು ತಿರುಗಿಸಿ ನಗು ಬೇಡುವ ಹಾಸ್ಯವನ್ನು ದಿನವೂ ನೋಡುವ ಇಂದಿನ ನಟರು ಅವರ ಆ ಮುಖವನ್ನು ಅಧ್ಯಯನ ಮಾಡಬೇಕು.

ಸವಿತಾ ಭಟ್ಟಿಯವರ ಪಾತ್ರಗಳೂ ಹಾಗೇ. ಗಂಡ ಹೆಂಡತಿ ಜಗಳವನ್ನೇ ಬಂಡವಾಳ ಮಾಡಿಕೊಂಡ ಹಾಸ್ಯ ನಮಗೆ ರೂಢಿಯಾಗಿದೆ. ಬಜಾರಿ ಹೆಂಡತಿ, ಹೆದರುವ ಗಂಡ. ‘ಫ್ಲಾಪ್ ಶೋ’ದ ದಂಪತಿ ಒಟ್ಟಾಗಿ ಲೆಕ್ಕ ಹಾಕುತ್ತಾರೆ. ಅವರ ಸಂಸಾರದಲ್ಲಿ ಅನ್ಯೋನ್ಯತೆಯಿದೆ, ಆ ಅನ್ಯೋನ್ಯತೆಯೊಳಗೇ ಸಣ್ಣ ಅಪ್ರಾಮಾಣಿಕತೆಯೂ ಬೆಳೆಯುತ್ತಿದೆ. ಹೆಣ್ಣನ್ನು ಗೇಲಿಗೆ ಎಳೆಯದೆ ಇಷ್ಟು ನಗಿಸಬಹುದೆಂದು 1989ರಲ್ಲೇ ತೋರಿಸಿದ್ದು ಸಣ್ಣ ಸಂಗತಿಯಲ್ಲ.

ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನಾಟಕವನ್ನು ನೋಡಿ ಬೆಳೆದವರು ನಾವು. ಹಿರಣ್ಣಯ್ಯನವರು ರಂಗದ ಮೇಲೆ ನಿಂತು, ಮಂತ್ರಿ ಮುಂದಿನ ಸಾಲಿನಲ್ಲಿ ಕೂತಿದ್ದರೂ ಬಿಡದೆ, ಜನರ ಪರವಾಗಿ ಝಾಡಿಸುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು, ತಟ್ಟಲೇಬೇಕು. ತಾವು ಆಡಲಾಗದ ಮಾತನ್ನು ಒಬ್ಬರು ಆಡಿದ್ದರು. ಅದು ವಕೀಲನ ಹಾಸ್ಯ. ಭಟ್ಟಿಯವರದು ಆರೋಪಿಯ ಸ್ಥಾನದಲ್ಲಿ ನಿಂತ ಹಾಸ್ಯ, ಅಲ್ಲಿ ಚಪ್ಪಾಳೆ ತಟ್ಟುವುದು ಅಷ್ಟು ಸುಲಭವಲ್ಲ. ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂದು ನಾನು ಹೇಳುತ್ತಿಲ್ಲ. ಹಿರಣ್ಣಯ್ಯನವರ ಕೆಚ್ಚು ಇಲ್ಲದಿದ್ದರೆ ಅಧಿಕಾರಸ್ಥರಿಗೆ ಹೆದರಿಕೆಯಿರುವುದಿಲ್ಲ. ಆದರೆ ನಮ್ಮಲ್ಲಿ ಮೊದಲನೆಯದಕ್ಕೆ ದೊಡ್ಡ ಪರಂಪರೆಯಿದೆ, ಎರಡನೆಯದು ಬೆಳೆಯಲಿಲ್ಲ. ಆ ಕಾರಣಕ್ಕೇ ಈ ಉಪನ್ಯಾಸ.

ಈಗ ನಾನು ಹೇಳಲೇಬೇಕಾದ ಇನ್ನೊಂದು ವಿಷಯ: ಸಿಖ್ಖರಾದ ಭಟ್ಟಿಯವರು ಟೀವಿಗೆ ಬಂದ ಕಾಲ. 1984ರ ಜೂನ್‌ನಲ್ಲಿ ಸ್ವರ್ಣಮಂದಿರಕ್ಕೆ ಸೈನ್ಯ ನುಗ್ಗಿತು. ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಯಿತು. ಮುಂದಿನ ದಿನಗಳಲ್ಲಿ ದಿಲ್ಲಿಯ ಬೀದಿಗಳಲ್ಲಿ ಸಿಖ್ಖರನ್ನು ಹುಡುಕಿ ಕೊಂದರು. ಪಂಜಾಬಿನಲ್ಲಿ ಉಗ್ರವಾದ, ಪೊಲೀಸರ ಪ್ರತಿಹಿಂಸೆ. 1987ರ ಮೇ ತಿಂಗಳಿಂದ ರಾಷ್ಟ್ರಪತಿ ಆಳ್ವಿಕೆ. ಇದು ಉತ್ತರದ ಕತೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಬೀದರ್ ಸಿಖ್ಖರ ‘ಪಂಚ ಪ್ಯಾರೆ’ಗಳಲ್ಲಿ, ಅಂದರೆ ಐವರು ಪ್ರಿಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಅವರ ಊರು, ಗುರುನಾನಕ್ ಝಿರಾ ಗುರುದ್ವಾರ ಇರುವ ಊರು. 1988ರ ಸೆಪ್ಟೆಂಬರಿನಲ್ಲಿ ಅದೇ ಬೀದರಿನಲ್ಲಿ, ಎಂಜಿನಿಯರಿಂಗ್ ಓದಲು ಬಂದಿದ್ದ ಸಿಖ್ ಹುಡುಗರ ಕೊಲೆಗಳಾದವು. ಕರ್ನಾಟಕ ಈ ವಿಷಯವನ್ನು ಬೇಗ ಮರೆತಿದೆ, ಮರೆಯಬಾರದಿತ್ತು.

ಪತ್ರಿಕೆಯಲ್ಲಿ ಪೇಟ ತೊಟ್ಟ ಮುಖ ಕಂಡರೆ ಅದರ ಕೆಳಗೆ ಉಗ್ರ ಎಂಬ ಪದ ಇರುತ್ತಿದ್ದ ಕಾಲವದು. ಇಲ್ಲದಿದ್ದರೆ ಪುಟದ ಮೂಲೆಯಲ್ಲಿ ಸರ್ದಾರ್ಜಿ ಜೋಕು. ಕನ್ನಡದ ವಾರಪತ್ರಿಕೆಗಳೂ ಖಾಲಿ ಜಾಗ ತುಂಬಲು ಅವನ್ನು ಧಾರಾಳವಾಗಿ ಬಳಸಿದವು. ಭಯ ಇಲ್ಲವೇ ಗೇಲಿ, ಈ ಎರಡರ ನಡುವೆ ಸಿಖ್ ಮನುಷ್ಯನಿಗೆ ಜಾಗವೇ ಇರಲಿಲ್ಲ. ಆ ಹೊತ್ತಿನಲ್ಲಿ ದೇಶಕ್ಕೆಲ್ಲ ಇದ್ದ ಒಂದೇ ಟೀವಿಯಲ್ಲಿ ಪೇಟ ಸುತ್ತಿದ ಒಬ್ಬರು ಬಂದು ಟೆಲಿಫೋನಿಗಾಗಿ ಪರದಾಡಿದರು, ಬಿಲ್ಲು ಪಾಸಾಗದೆ ಒದ್ದಾಡಿದರು, ಬಾಡಿಗೆ ಮನೆಯ ತಂಟೆಯಲ್ಲಿ ಸಿಕ್ಕಿಕೊಂಡರು. ಅವರ ಧರ್ಮದ ಬಗ್ಗೆ ಒಂದು ಮಾತಿಲ್ಲ, ಸೌಹಾರ್ದದ ಭಾಷಣವಿಲ್ಲ. ನಮ್ಮ ಹಾಗೇ ಆಸೆಬುರುಕ, ನಮ್ಮ ಹಾಗೇ ಪುಕ್ಕಲ, ನಮ್ಮ ಹಾಗೇ ಹೆಂಡತಿ ಮಕ್ಕಳಿಗಾಗಿ ಓಡಾಡುವವನು. ಸರ್ಕಾರ ಆಗ ಐಕ್ಯದ ಹಾಡುಗಳನ್ನು ದಿನವೂ ಪ್ರಸಾರ ಮಾಡುತ್ತಿತ್ತು. ನನ್ನ ದೃಷ್ಟಿಯಲ್ಲಿ ಆ ಹಾಡುಗಳೆಲ್ಲ ಸೇರಿ ಮಾಡಲಾಗದ ಕೆಲಸವನ್ನು ಈ 10 ಕಂತುಗಳು ಮಾಡಿದವು. ಇನ್ನೊಬ್ಬನ ಸದ್ಗುಣ ಕಂಡು ಹತ್ತಿರವಾಗುವುದು ಕಷ್ಟ. ಅವನ ಸಣ್ಣತನವೂ ನಮ್ಮದರಂತೆಯೇ ಇದೆ ಎಂದು ತಿಳಿದಾಗ ದೂರ ಕೂರಲಾಗುವುದಿಲ್ಲ.

ಆಮೇಲಿನ ವರ್ಷಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 1990ರ ದಶಕದಲ್ಲಿ ‘ಫುಲ್ ಟೆನ್ಷನ್’ ಧಾರಾವಾಹಿ ಮಾಡಿದರು. 1999ರಲ್ಲಿ ಪಂಜಾಬ್ ಪೊಲೀಸರನ್ನು ಕುರಿತ ‘ಮಾಹೌಲ್ ಠೀಕ್ ಹೈ’ ಎಂಬ ಪಂಜಾಬಿ ಸಿನಿಮಾ ನಿರ್ದೇಶಿಸಿದರು. ಹಿಂದಿ ಚಿತ್ರರಂಗ ಕರೆಯಿತು. ‘ಆ ಅಬ್ ಲೌಟ್ ಚಲೇಂ’, ‘ಫನಾ’ ಮುಂತಾದ ಚಿತ್ರಗಳಲ್ಲಿ ಸಣ್ಣ ಪಾತ್ರಗಳು ಬಂದವು. ಬೇಸರದಿಂದಲೇ ಹೇಳುತ್ತೇನೆ: ಸಿನಿಮಾ ಅವರ ಪೇಟವನ್ನು ನೋಡಿತೇ ಹೊರತು ಅವರ ಬುದ್ಧಿಯನ್ನು ಬಳಸಿಕೊಳ್ಳಲಿಲ್ಲ. ಯಾವ ಸಿದ್ಧ ಅಚ್ಚನ್ನು ‘ಫ್ಲಾಪ್ ಶೋ’ದಲ್ಲಿ ಮುರಿದಿದ್ದರೋ ಅದೇ ಅಚ್ಚಿಗೆ ಅವರನ್ನು ಮತ್ತೆ ಸುರಿದರು. ಖಾಸಗಿ ವಾಹಿನಿಗಳಲ್ಲಿ ಹಾಸ್ಯ ಸ್ಪರ್ಧೆಗೆ ತೀರ್ಪುಗಾರರಾದರು, ‘ನಚ್ ಬಲಿಯೇ’ಯಲ್ಲಿ ಸವಿತಾರ ಜೊತೆ ಕುಣಿದರು. ಹೊಸಬರಿಗೆ ಕಲಿಸಲು ಸಿನಿಮಾ ಶಾಲೆಯನ್ನೂ ನಡೆಸಿದರು. ಇವತ್ತು ಮನೆಮನೆಯಲ್ಲಿ ಗೊತ್ತಿರುವ ಹಾಸ್ಯನಟ ಸುನಿಲ್ ಗ್ರೋವರ್ ಮೊದಲು ಅವಕಾಶ ಕಂಡದ್ದು ಭಟ್ಟಿಯವರ ಬಳಿಯೇ.

ಆದರೆ ಅವರ ನಿಜವಾದ ಎರಡನೆಯ ಬದುಕು ಟೀವಿಯ ಹೊರಗಿತ್ತು. ಬೀದಿಯಿಂದ ಬಂದವರು ಬೀದಿಗೇ ಮರಳಿದರು. ಹವಾಲಾ ಹಗರಣದ ಕಾಲದಲ್ಲಿ ‘ಹವಾಲಾ ಪಾರ್ಟಿ’ ಎಂಬ ಅಣಕು ರಾಜಕೀಯ ಪಕ್ಷ ಕಟ್ಟಿದರು. ಮುಂದೆ ‘ಸೂಟ್‌ಕೇಸ್ ಪಾರ್ಟಿ’. 2009ರ ಲೋಕಸಭಾ ಚುನಾವಣೆಯ ಹೊತ್ತಿಗೆ, ಜಗತ್ತಿನ ಆರ್ಥಿಕ ಹಿಂಜರಿತವನ್ನು ಹಿಡಿದು ‘ರಿಸೆಷನ್ ಪಾರ್ಟಿ’. ಬೆಲೆಯೇರಿಕೆ ಜನರ ಕತ್ತು ಹಿಸುಕುತ್ತಿದ್ದಾಗ ಚಂಡೀಗಢದಲ್ಲಿ ಒಂದು ಮಳಿಗೆ ಇಟ್ಟರು. ಜಾತ್ರೆಯಲ್ಲಿ ಬಳೆ ಎಸೆದು ಸೋಪು, ಬೊಂಬೆ ಗೆಲ್ಲುವ ಆಟವಿದೆಯಲ್ಲ, ಅದೇ ಆಟ. ಗೆಲ್ಲಬೇಕಾದ ಬಹುಮಾನ ತರಕಾರಿ, ಬೇಳೆ, ಎಣ್ಣೆ. ಹಣದುಬ್ಬರವನ್ನು ಕುರಿತ ಎಷ್ಟೋ ಲೇಖನಗಳನ್ನು ನಾನು ಓದಿದ್ದೇನೆ, ಬರೆದೂ ಇದ್ದೇನೆ. ಬೇಳೆ ಅದೃಷ್ಟದ ವಸ್ತುವಾಗಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ನೋಡಿಲ್ಲ. ಆ ಪಾರ್ಟಿಗಳನ್ನು ಕಂಡು ನಕ್ಕ ಪಂಜಾಬಿನಲ್ಲೇ 2022ರಲ್ಲಿ ಟೀವಿ ಹಾಸ್ಯದಿಂದಲೇ ಹೆಸರಾದ ಭಗವಂತ್ ಮಾನ್ ಮುಖ್ಯಮಂತ್ರಿಯಾದರು. ಭಟ್ಟಿಯವರಿದ್ದಿದ್ದರೆ ಅವರನ್ನೂ ಬಿಡುತ್ತಿರಲಿಲ್ಲ, ಅದರಲ್ಲಿ ನನಗೆ ಸಂದೇಹವಿಲ್ಲ.

ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದ ಈ ಮನುಷ್ಯನ ಕೊನೆಯ ಸಿನಿಮಾದ ವಿಷಯ ಪಂಜಾಬಿನ ವಿದ್ಯುತ್ ಕಡಿತ. ಹೆಸರು ‘ಪವರ್ ಕಟ್’, ಮುಖ್ಯ ಪಾತ್ರದಲ್ಲಿ ಮಗ ಜಸ್‌ರಾಜ್. ಬಿಡುಗಡೆಯ ಮುನ್ನಾದಿನ, 2012ರ ಅಕ್ಟೋಬರ್ 25ರ ನಸುಕಿನಲ್ಲಿ, ಅದರ ಪ್ರಚಾರಕ್ಕಾಗಿ ಊರೂರು ತಿರುಗುತ್ತಿದ್ದಾಗ ಜಲಂಧರ್ ಜಿಲ್ಲೆಯ ಶಾಹ್‌ಕೋಟ್ ಬಳಿ ಕಾರು ಮರಕ್ಕೆ ಗುದ್ದಿತು. ಭಟ್ಟಿಯವರು ತೀರಿಕೊಂಡರು, ಆಗ ಅವರಿಗೆ 57 ವರ್ಷ. ಮರುವರ್ಷ ಸರ್ಕಾರ ಮರಣೋತ್ತರವಾಗಿ ಪದ್ಮಭೂಷಣ ಕೊಟ್ಟಿತು. ಜೀವನವಿಡೀ ಸರ್ಕಾರಿ ಕಡತಗಳನ್ನು ಬಿಚ್ಚಿ ತೋರಿಸಿದವರಿಗೆ ಸರ್ಕಾರವೇ ಕೊಟ್ಟ ಆ ಗೌರವ ನನಗೆ ಸಂತೋಷ ತಂದಿತು, ಅವರು ಇದ್ದಾಗಲೇ ಕೊಡಬಾರದಿತ್ತೇ ಎಂಬ ನೋವನ್ನೂ.

ಇಂಥ ಹಾಸ್ಯ ಈಗ ಸಾಧ್ಯವೇ ಎಂದು ತರುಣರು ಕೇಳುತ್ತಾರೆ. ನನ್ನ ಉತ್ತರದ ಮೊದಲ ಭಾಗ ದೂರದರ್ಶನದ ಬಗ್ಗೆ. ಆಗ ಅದು ಪೂರ್ತಿಯಾಗಿ ಸರ್ಕಾರದ ಕೈಯಲ್ಲಿತ್ತು. ಸ್ವಾಯತ್ತ ಸಂಸ್ಥೆಯಾಗಿ ಪ್ರಸಾರ ಭಾರತಿ ಬಂದದ್ದು 1997ರಲ್ಲಿ. ಕಾರ್ಯಕ್ರಮಗಳು ದಿಲ್ಲಿಯ ಮಂಡಿ ಹೌಸ್‌ನಲ್ಲಿದ್ದ ದೂರದರ್ಶನದ ಕಚೇರಿಯಲ್ಲಿ ಒಪ್ಪಿಗೆ ಪಡೆಯಬೇಕಿತ್ತು. ಸರ್ಕಾರಿ ನೌಕರರ ಸುಳ್ಳು ಬಿಲ್ಲಿನ ಕತೆಗೆ ಒಬ್ಬ ಸರ್ಕಾರಿ ನೌಕರ ಅಲ್ಲಿ ಕೂತು ಒಪ್ಪಿಗೆ ಕೊಟ್ಟ. ಆತ ಯಾರೋ, ಅವನಿಗೂ ನಾವು ಕೃತಜ್ಞರಾಗಿರಬೇಕು. ಇಂದು ವಾಹಿನಿಗಳು ನೂರಾರು. ಹಾಸ್ಯ ಕಾರ್ಯಕ್ರಮಗಳಿಗೆ ಬೆಳಕು, ವೇದಿಕೆ, ಹಣ ಎಲ್ಲವೂ ಇದೆ. ಆದರೂ ಬಹುತೇಕ ನಗು ದೇಹದ ಗಾತ್ರದ ಮೇಲೆ, ಬಣ್ಣದ ಮೇಲೆ, ಗಂಡಸು ಸೀರೆಯುಟ್ಟದ್ದರ ಮೇಲೆ ನಿಂತಿದೆ. ಅಲ್ಲಿ ಆಡುವ ನಮ್ಮ ಹುಡುಗ ಹುಡುಗಿಯರಲ್ಲಿ ಪ್ರತಿಭೆಗೆ ಕೊರತೆಯಿಲ್ಲ. ರಾಯಚೂರಿನಿಂದ, ಕುಂದಾಪುರದಿಂದ ಬರುವ ನಟರ ಮಾತಿನ ಸೊಗಸು ಕೇಳಿದರೆ ಹೊಟ್ಟೆ ತುಂಬುತ್ತದೆ. ಅವರಿಗೆ ಸಿಗದೇ ಇರುವುದು ವಿಷಯ. ವಿಷಯ ಬೇಕಾದರೆ ಬರೆಯುವವನು ಪಡಿತರ ಅಂಗಡಿಗೆ, ಉಪನೋಂದಣಿ ಕಚೇರಿಗೆ, ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕಿಟಕಿಗೆ ಹೋಗಿ ನಿಲ್ಲಬೇಕು. ಅಲ್ಲಿ ಯಾರು ಯಾರಿಗೆ ಏನು ಕೊಡುತ್ತಾರೆ, ಕೊಡುವಾಗ ಮುಖ ಹೇಗಿಟ್ಟುಕೊಳ್ಳುತ್ತಾರೆ ಎಂದು ನೋಡಬೇಕು. ಆಮೇಲೆ ತನ್ನ ಮುಖವನ್ನೂ ಕನ್ನಡಿಯಲ್ಲಿ ನೋಡಿಕೊಳ್ಳಬೇಕು.

ಉತ್ತರದ ಎರಡನೆಯ ಭಾಗ ಒಂದು ಬೇಡಿಕೆ. ಇದೇ ಸಭಾಂಗಣದಲ್ಲಿ ಯುವಜನೋತ್ಸವ ನಡೆಯುತ್ತದೆ, ಪ್ರಹಸನ ಸ್ಪರ್ಧೆಯಿರುತ್ತದೆ. ಈ ಸಲ ಒಂದು ತಂಡ ಸಂಶೋಧನ ವಿದ್ಯಾರ್ಥಿ ಮತ್ತು ಮಾರ್ಗದರ್ಶಕರ ವಿಷಯ ಎತ್ತಿಕೊಳ್ಳಲಿ. ಭಟ್ಟಿಯವರದನ್ನು ನಕಲು ಮಾಡಬೇಕಿಲ್ಲ. ನಿಮ್ಮ ವಿಭಾಗದ ಕತೆ ನಿಮಗೇ ಗೊತ್ತಿದೆ. ಮಾರ್ಗದರ್ಶಕನ ಪಾತ್ರವನ್ನು ಒಳ್ಳೆಯ ನಟನಿಗೆ ಕೊಡಿ, ಅವನನ್ನು ರಾಕ್ಷಸನನ್ನಾಗಿ ಮಾಡಬೇಡಿ. ವಿದ್ಯಾರ್ಥಿಯನ್ನೂ ಬರೀ ಪಾಪದವನನ್ನಾಗಿ ಮಾಡಬೇಡಿ. ನಾಳೆ ತಾನೂ ಮಾರ್ಗದರ್ಶಕನಾಗುತ್ತೇನೆಂಬ ಲೆಕ್ಕ ಅವನ ತಲೆಯಲ್ಲೂ ಓಡುತ್ತಿರಲಿ. ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ: ಆ ದಿನ ದಯವಿಟ್ಟು ಮುಂದಿನ ಸಾಲಿನಲ್ಲಿ ಬಂದು ಕೂತುಕೊಳ್ಳಿ. ಕರೆದರೆ ನಾನೂ ಬರುತ್ತೇನೆ.